ಹಳೆಯ ಗಾಡಿಗೊಂದು ಕಂಪನಿ

4 ಜೂನ್

ಅತ್ತಿಗೆಗೆ ನಮಸ್ಕಾರಗಳು.

ಗಾಡಿ ಕ್ಷೇಮ, ನಾನೂ ಕ್ಷೇಮ. ಈ ಕ್ರಮದಲ್ಲಿ ಬರೆದೆನೆಂದು ಬೈಯಬೇಡಿ. ಅಣ್ಣನೂ ಮೊದಲು ಗಾಡಿಯ ಸುದ್ದಿಯನ್ನೇ ಬರೆಯುತ್ತಿದ್ದ. ದಾರಿಯಲ್ಲಿ ಎಲ್ಲೂ ಕೈಕೊಡಲಿಲ್ಲ. ಏರು ಬಂದಾಗ ಹೊಸ ಗಾಡಿಗಳು ಸರ್ರನೆ ಮುಂದೆ ಹೋದವು, ನಮ್ಮದು ತುಂಬುಬಸುರಿಯ ಹಾಗೆ ಅವಸರವಿಲ್ಲದೆ ಹತ್ತಿತು. ಹತ್ತಿತು, ಅದು ಮುಖ್ಯ.

ನಮ್ಮದೇ ಗಾಡಿ ಇರುವಾಗ ಬೇರೆಯವರ ಕಂಪನಿ ಯಾಕೆ ಬೇಕೆಂದು ಹೊರಡುವಾಗ ಪುಟ್ಟಿ ಕೇಳಿದಳಲ್ಲ, ಅವಳಿಗೆ ಹೀಗೆ ಹೇಳಿ. ನಿನ್ನಪ್ಪ ಬಿಟ್ಟುಹೋದದ್ದು ಮುಂದಿನ ಎಂಜಿನ್ ಗಾಡಿ ಮಾತ್ರ. ಹಿಂದೆ ಕಟ್ಟುವ ಟ್ರೇಲರು, ಅದರೊಳಗಿನ ಮಾಲು, ವಿಮೆ, ಪರವಾನಗಿ ಎಲ್ಲ ಕಂಪನಿಯದು. ಯಾವುದಾದರೂ ಕಂಪನಿ ತನ್ನ ಹೆಸರಿನ ಕೆಳಗೆ ಗಾಡಿಯನ್ನು ಅಟ್ಯಾಚ್ ಮಾಡಿಕೊಂಡರೆ ಮಾತ್ರ ಕೆಲಸ. ಇಲ್ಲದಿದ್ದರೆ ತಲೆ ಇದೆ, ಮುಂಡವಿಲ್ಲ.

ಇಲ್ಲಿ ಕಾರ್ಖಾನೆಗಳ ಎದುರು ಟ್ರಾನ್ಸ್‌ಪೋರ್ಟ್ ಕಂಪನಿಗಳದೇ ಒಂದು ಬೀದಿಯಿದೆ. ಮೊದಲನೆಯ ಆಫೀಸಿನಲ್ಲಿ ಗುಮಾಸ್ತ ಗಾಜಿನ ಕೋಣೆಯಿಂದ ಎದ್ದೇಳಲೇ ಇಲ್ಲ.

"ಯಾವ ವರ್ಷದ್ದು?" ಅಂದ. ಹೇಳಿದೆ.

"ಇಪ್ಪತ್ತೆರಡು ವರ್ಷ ಆಯ್ತಲ್ರೀ!"

"ಒಂದ್ಸಲ ಹೊರಗೆ ಬಂದು ನೋಡಿ ಸಾರ್. ಕೀಲಿ ತಿರುಗಿಸಿದ್ರೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತೆ."

"ನಾನು ನೋಡಿ ಏನ್ಮಾಡ್ಲಿ? ಕಂಪ್ಯೂಟರ್ ಒಪ್ಪಲ್ಲ."

ಮುಂದಿನ ಮೂರು ಕಡೆಯೂ ಇದೇ ರಾಗ. ಆದರೆ ಬೀದಿ ಉದ್ದವಾಗಿದೆ. ಚಿಂತೆ ಬೇಡ.

ನಿಮ್ಮ ಮೈದುನ


11 ಜೂನ್

ಬಾಲಂಗೋಚಿಗೆ ಆಶೀರ್ವಾದಗಳು.

ಹಾಗೆ ಕರೆಯಬೇಡಿ ಎನ್ನುತ್ತೀಯ. ಗಾಳಿಪಟದ ಹಿಂದೆ ಬಾಲಂಗೋಚಿ ಹೋದ ಹಾಗೆ ಅಣ್ಣನ ಹಿಂದೆ ಹೋಗುತ್ತಿದ್ದವನು ನೀನೇ ತಾನೆ? ಗಾಳಿಪಟ ಹೋಯಿತು. ಹೆಸರನ್ನಾದರೂ ಉಳಿಸಿಕೋ.

ನನ್ನ ಅಣ್ಣ ಮತ್ತೆ ಬಂದಿದ್ದ. "ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿಬಿಡು, ಕಬ್ಬಿಣಕ್ಕೆ ಈಗ ಒಳ್ಳೆ ದರ ಇದೆ," ಅಂದ. ನಾನು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಹೇಳಿದೆ: "ಅವರು ಒಂದು ಸಲ ಹೋದದ್ದು ಸಾಕು. ಎರಡನೇ ಸಲ ನಾನೇ ಕಳಿಸೋಕೆ ಆಗಲ್ಲ." ಅವನು ಕೋಪ ಮಾಡಿಕೊಂಡು ಚಹಾ ಕುಡಿಯದೆ ಹೋದ.

ಲಾಂಡ್ರಿಯಲ್ಲಿ ಎಂದಿನ ಹಾಗೆ. ಹೋಟೆಲಿನ ಹಾಸಿಗೆ ಬಟ್ಟೆಗಳು ಬೆಟ್ಟದ ಹಾಗೆ ಬರುತ್ತವೆ, ನಾವು ಮಡಚಿ ಮಡಚಿ ಗುಡ್ಡ ಮಾಡುತ್ತೇವೆ. ಕಾಲರಕ್ಕ ನಿನಗೆ ನೆನಪಿರಬೇಕು, ಅಂಗಿಯ ಕಾಲರುಗಳನ್ನಷ್ಟೇ ಇಸ್ತ್ರಿ ಮಾಡುವವಳು, ತನ್ನ ಕಾಲರನ್ನೂ ಸದಾ ಮೇಲೆಯೇ ಇಟ್ಟುಕೊಂಡಿರುವವಳು. ನಿನ್ನ ಅಣ್ಣ ಇದ್ದಷ್ಟು ದಿನ ನಮ್ಮದೂ ಓಡುತ್ತಿದ್ದ, ಆಮೇಲೆ ಹಳೆಯದೆಂದು ಬಿಡಿಸಿದ ಆ ಕೆಂಪು ಗಾಡಿ ಕಂಪನಿಯಲ್ಲೇ ಅವಳ ಗಂಡನ ಗಾಡಿ ಇನ್ನೂ ಓಡುತ್ತಿದೆಯಲ್ಲ, ದಿನಾ ಕೇಳುತ್ತಾಳೆ: "ಎಲ್ಲಾದ್ರೂ ಸಿಕ್ತಾ, ನಿಮ್ಮ ಅಜ್ಜಿ ಗಾಡಿಗೆ ಗಂಡು?" ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಏನು ಮಾಡಲಿ, ಅಲ್ಲೇ ನಿಂತು ದಿನವಿಡೀ ಕೆಲಸ ಮಾಡಬೇಕು.

ಊಟ ಸರಿಯಾಗಿ ಮಾಡು. ಫೋನು ಯಾಕೆ ಮಾಡುವುದಿಲ್ಲ?

ಅತ್ತಿಗೆ


27 ಜೂನ್

ಅತ್ತಿಗೆಗೆ ನಮಸ್ಕಾರಗಳು.

ಫೋನು ಮಾಡಿದರೆ ನನ್ನ ದನಿಯೇ ಎಲ್ಲ ಹೇಳಿಬಿಡುತ್ತದೆ. ಕಾಗದವಾದರೆ ಸ್ವಲ್ಪ ತಡೆದು ಹೇಳಬಹುದು.

ಬೀದಿ ಮುಗಿಯಿತು. ಒಬ್ಬರು ಹತ್ತು ವರ್ಷದ ಒಳಗಿನದಾಗಿರಬೇಕು ಎಂದರು, ಇನ್ನೊಬ್ಬರು ಹನ್ನೆರಡು. ಒಬ್ಬರು ವಯಸ್ಸು ಕೇಳಲಿಲ್ಲ, "ಹೊಗೆ ತಪಾಸಣೆ ಮಾಡಿಸಿ ಬನ್ನಿ" ಎಂದರು. ಮಾಡಿಸಿದೆ, ಪಾಸಾಯಿತು. ಓಡಿಕೊಂಡು ಹೋದೆ. ಆಮೇಲೆ ವಯಸ್ಸು ಕೇಳಿದರು.

ಒಂದು ದೊಡ್ಡ ಕಂಪನಿಯಲ್ಲಿ ಮಾತ್ರ ಗಾಡಿಯನ್ನು ಒಳಗೆ ಬಿಟ್ಟರು. ಇನ್ಸ್‌ಪೆಕ್ಟರ್ ಚಾಸಿಗೆ ಸುತ್ತಿಗೆಯಿಂದ ತಟ್ಟಿದ, ಕೆಳಗೆ ಬಗ್ಗಿದ, ಹಲ್ಲಿನ ನಡುವೆ ಸೀಟಿ ಹಾಕಿದ. ಗಟ್ಟಿಯಾಗಿದೆ ಎಂಬ ಅರ್ಥದ ಸೀಟಿ ಎಂದುಕೊಂಡು ನನಗೆ ಎದೆ ತುಂಬಿ ಬಂತು. ಅವನು ಆಫೀಸಿನವರನ್ನೆಲ್ಲ ಕೂಗಿ ಕರೆದ. "ಬನ್ರೋ, ನಮ್ಮಪ್ಪನ ಕಾಲದ್ದು ಇನ್ನೂ ಓಡ್ತಿದೆ!" ಎಲ್ಲರೂ ಬಂದು, ಮೃಗಾಲಯದಲ್ಲಿ ಆನೆಯ ಪಕ್ಕ ನಿಲ್ಲುವ ಹಾಗೆ ನಿಂತು ಫೋಟೋ ತೆಗೆಸಿಕೊಂಡರು. "ಮಾವುತ, ನೀನೂ ಬಾರಪ್ಪ," ಎಂದು ನನ್ನನ್ನೂ ಕರೆದರು. ಹೋಗಿ ನಿಂತೆ, ಅತ್ತಿಗೆ. ನಕ್ಕೂಬಿಟ್ಟೆ. ಕೊನೆಗೆ ಇನ್ಸ್‌ಪೆಕ್ಟರ್ ಬೆನ್ನು ತಟ್ಟಿ, "ಇದನ್ನ ಜೋಪಾನ ಮಾಡು," ಎಂದು ಗೇಟು ತೋರಿಸಿದ.

ಅಣ್ಣ ಚಪ್ಪಲಿ ಬಿಚ್ಚಿ ಹತ್ತುತ್ತಿದ್ದ ಗಾಡಿ. ಅದರ ಪಕ್ಕದಲ್ಲಿ ನಿಂತು ಹಲ್ಲು ಕಿರಿದೆ.

ಇದನ್ನು ಪುಟ್ಟಿಗೆ ಓದಿ ಹೇಳಬೇಡಿ. ಕಾಲರಕ್ಕನಿಗಂತೂ ಬೇಡವೇ ಬೇಡ.

ಮೈದುನ


9 ಜುಲೈ

ಅತ್ತಿಗೆ,

ಸಿಕ್ಕಿತು! ಸಣ್ಣ ಕಂಪನಿ, ಊರ ಹೊರಗಿದೆ. ನಡೆಸುವವರು ವಯಸ್ಸಾದ ಹೆಂಗಸು, ಎಲ್ಲರೂ ಯಜಮಾನಮ್ಮ ಎನ್ನುತ್ತಾರೆ. ವರ್ಷ ಕೇಳಲಿಲ್ಲ. "ಏರು ಹತ್ತುತ್ತಾ? ಬ್ರೇಕ್ ಹಿಡಿಯುತ್ತಾ? ನೀನು ಕುಡೀತೀಯಾ?" ಇಷ್ಟೇ ಕೇಳಿದ್ದು. ಮೊದಲೆರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದೆ. "ಮೂರಕ್ಕೂ ಹೌದು ಅಂತ ಬಾಯಿ ತಪ್ಪಿ ಹೇಳಲಿಲ್ಲವಲ್ಲ, ಬಾ," ಎಂದರು.

ಮಾಲು ಮುಚ್ಚಿದ ಟ್ರೇಲರಿನಲ್ಲಿ ಬರುತ್ತದೆ. ಕಾರ್ಖಾನೆಗೆ ಬೇಕಾದ ಕಚ್ಚಾ ಪದಾರ್ಥ. ಇನ್ನು ಚಿಂತೆಯಿಲ್ಲ. ನಿಮ್ಮ ಹೆಸರಿಗೆ ಕರಾರು ಕಳಿಸಿದ್ದೇನೆ, ಸಹಿ ಹಾಕಿ ಕಳಿಸಿ.

ಅವಸರದಲ್ಲಿದ್ದೇನೆ.

ಮೈದುನ


18 ಜುಲೈ

ಬಾಲಂಗೋಚಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಲಾಂಡ್ರಿಯಲ್ಲಿ ಗಟ್ಟಿಯಾಗಿ ಓದಿದೆ. ತಪ್ಪೇನು? ಅಷ್ಟು ದಿನ ಅವರ ನಗೆಗೆ ಗುರಿಯಾಗಿದ್ದೆ. ಕಾಲರಕ್ಕ ಇಸ್ತ್ರಿ ಕೆಳಗಿಟ್ಟು, "ಕಚ್ಚಾ ಪದಾರ್ಥ ಅಂದ್ರೆ ಏನು?" ಅಂದಳು. ಮುಚ್ಚಿದ ಟ್ರೇಲರ್ ಅಂದ ಮೇಲೆ ಹತ್ತಿಯೇ ಇರಬೇಕು, ನೆನೆದರೆ ಕೆಡುತ್ತದಲ್ಲ, ಎಂದು ನಾನೇ ತೀರ್ಮಾನ ಮಾಡಿ ಹೇಳಿದೆ. ನೋಡು, ನಾವಿಲ್ಲಿ ಹಾಸಿಗೆ ಬಟ್ಟೆ ಮಡಚುತ್ತೇವೆ, ನೀನು ಅಲ್ಲಿ ಹತ್ತಿ ತುಂಬುತ್ತೀಯ. ಒಂದೇ ದಾರದ ಎರಡು ತುದಿ.

ಹಳೆಯ ಹಾಸಿಗೆ ಬಟ್ಟೆಯೊಂದನ್ನು ಮ್ಯಾನೇಜರ್ ಕೊಟ್ಟರು. ಅದನ್ನು ಕತ್ತರಿಸಿ ಗಾಡಿಯ ಕಿಟಕಿಗೆ ಪರದೆ ಹೊಲಿದು ಕಳಿಸಿದ್ದೇನೆ. ಬೆಳ್ಳಗಿದೆ, ಕೈ ತೊಳೆದು ಮುಟ್ಟು.

ಪುಟ್ಟಿಗೆ ರಜೆ ಬರುತ್ತಿದೆ. ಅವಳಪ್ಪ ಪ್ರತಿ ರಜೆಯಲ್ಲೂ ಒಂದು ಟ್ರಿಪ್ ಕರೆದುಕೊಂಡು ಹೋಗುತ್ತಿದ್ದರು. ಈ ಸಲ ಚಿಕ್ಕಪ್ಪನ ಜೊತೆ ಎಂದು ಈಗಲೇ ಚೀಲ ತುಂಬಿಕೊಂಡಿದ್ದಾಳೆ. ನಾನೂ ಬರುತ್ತೇನೆ.

ಅತ್ತಿಗೆ


2 ಆಗಸ್ಟ್

ಅತ್ತಿಗೆಗೆ ನಮಸ್ಕಾರಗಳು.

ಪರದೆ ಬಂತು. ತುಂಬ ಚೆನ್ನಾಗಿದೆ. ಮಸಿ ಹಿಡಿಯಬಾರದೆಂದು ಸದ್ಯ ಹಾಕಿಲ್ಲ, ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಪುಟ್ಟಿಯ ವಿಷಯ. ಈ ಕಂಪನಿಯಲ್ಲಿ ಹೆಂಗಸರು, ಮಕ್ಕಳನ್ನು ಗಾಡಿಗೆ ಹತ್ತಿಸಬಾರದೆಂಬ ನಿಯಮವಿದೆ. ರಸ್ತೆಯೂ ಚೆನ್ನಾಗಿಲ್ಲ, ಹೊಗೆ ಬೇರೆ. ಮುಂದಿನ ರಜೆಗೆ ನೋಡೋಣ. ನಾನು ಅಲ್ಲಿಗೆ ಬರುವುದೂ ಸದ್ಯ ಆಗುವುದಿಲ್ಲ, ಬಿಡುವಿಲ್ಲ.

ಹತ್ತಿ ಲೋಡು ಚೆನ್ನಾಗಿ ನಡೆಯುತ್ತಿದೆ.

ಮೈದುನ


13 ಆಗಸ್ಟ್

ಮೈದುನನಿಗೆ,

ಎರಡು ದಿನ ಅತ್ತು ಪುಟ್ಟಿ ಚೀಲ ಬಿಚ್ಚಿದಳು. ಅದು ಇರಲಿ.

ಕಾಲರಕ್ಕನ ಗಂಡ ಆ ಕಡೆ ಹೋಗಿಬಂದ. ಅಲ್ಲಿಯ ಕಂಪನಿಗಳಲ್ಲಿ ಹೆಂಗಸರನ್ನು ಹತ್ತಿಸಬಾರದೆಂಬ ನಿಯಮ ಎಲ್ಲೂ ಇಲ್ಲವಂತೆ. ಎಷ್ಟೋ ಡ್ರೈವರುಗಳು ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಓಡಾಡುತ್ತಾರಂತೆ. "ಪಕ್ಕದ ಸೀಟು ಖಾಲಿ ಇರೋದಿಲ್ಲ, ಅದಕ್ಕೇ ನಿಮಗೆ ಜಾಗ ಇಲ್ಲ," ಎಂದು ಕಾಲರಕ್ಕ ಎಲ್ಲರ ಮುಂದೆ ಹೇಳಿದಳು.

ನೀನು ವಯಸ್ಸಿನವನು. ಯಾರಾದರೂ ಇದ್ದರೆ ನನಗೆ ಸಂತೋಷವೇ. ಕರೆದುಕೊಂಡು ಬಾ, ನಾನೇ ಮುಂದೆ ನಿಂತು ಮದುವೆ ಮಾಡುತ್ತೇನೆ. ಆದರೆ ಕದ್ದು ಮುಚ್ಚಿ ನಿಮ್ಮಣ್ಣನ ಗಾಡಿಯಲ್ಲಿ ಯಾರನ್ನು ಕೂರಿಸಿಕೊಂಡು ತಿರುಗುತ್ತಿದ್ದೀಯ? ನಾನು ಹೊಲಿದ ಪರದೆ ಅದಕ್ಕೇನಾ ಬೇಕಾದದ್ದು?

ಇದಕ್ಕೆ ಉತ್ತರ ಬರೆ. ಇಲ್ಲವಾದರೆ ನಾನೇ ಬರುತ್ತೇನೆ.

ಅತ್ತಿಗೆ


30 ಆಗಸ್ಟ್

ಅತ್ತಿಗೆ,

ಹೆಂಗಸಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಪಕ್ಕದಲ್ಲಿ ಈಗ ಯಾರೂ ಕೂರುವುದಿಲ್ಲ.

ನಾನು ಸಾಗಿಸುವುದು ಹತ್ತಿಯನ್ನಲ್ಲ. ಕಸಾಯಿಖಾನೆಗಳಲ್ಲಿ ಉಳಿದ ಮೂಳೆ, ಕೊಬ್ಬು, ಕರುಳು. ಅದನ್ನು ತುಂಬಿಕೊಂಡು ಹೋಗಿ, ಕುದಿಸಿ ಗೊಬ್ಬರ, ಸೋಪಿನ ಎಣ್ಣೆ ಮಾಡುವ ಕಾರ್ಖಾನೆಯಲ್ಲಿ ಸುರಿಯುತ್ತೇನೆ. ಹೊಸ ಗಾಡಿಯವರು ಈ ಲೋಡು ಮುಟ್ಟುವುದಿಲ್ಲ. ಅದಕ್ಕೇ ಯಜಮಾನಮ್ಮ ವಯಸ್ಸು ಕೇಳಲಿಲ್ಲ.

ಟ್ರೇಲರಿನ ಬಾಗಿಲ ಸಂದಿನಿಂದ ನೀರು ಸೋರುತ್ತದೆ. ಆ ನೀರಿನ ವಾಸನೆ ಹೇಗಿದೆ ಎಂದು ನಿಮಗೆ ಬರೆಯಲಾರೆ. ಮೊದಲ ವಾರ ವಾಂತಿ ಮಾಡಿಕೊಂಡೆ. ಆಮೇಲೆ ವಾಸನೆ ಬರುವುದು ನಿಂತಿತು, ಅದರಿಂದಲೇ ಭಯವಾಯಿತು. ನನಗೆ ಬರುವುದಿಲ್ಲ, ಉಳಿದವರಿಗೆಲ್ಲ ಬರುತ್ತದೆ. ಬಸ್ಸು ಹತ್ತಿದರೆ ಪಕ್ಕದವರು ಏನೋ ನೆನಪಾದವರ ಹಾಗೆ ಎದ್ದು ಮುಂದೆ ಹೋಗುತ್ತಾರೆ. ಕ್ಷೌರದಂಗಡಿಯವನು, "ನಾಳೆ ಬಾ," ಎಂದ. ಮಾರನೇ ದಿನ ಸ್ನಾನ ಮಾಡಿ ಹೊಸ ಅಂಗಿ ಹಾಕಿಕೊಂಡು ಹೋದೆ. ಪುನಃ "ನಾಳೆ ಬಾ," ಎಂದ. ಈಗ ನಾನೇ ಕನ್ನಡಿ ಹಿಡಿದು ಕತ್ತರಿಸಿಕೊಳ್ಳುತ್ತೇನೆ. ಹಿಂದಲೆ ಹೇಗಿದೆಯೋ ದೇವರಿಗೇ ಗೊತ್ತು.

ನಿಮ್ಮ ಪರದೆಯನ್ನು ಮೂರು ಪ್ಲಾಸ್ಟಿಕ್ ಚೀಲಗಳೊಳಗೆ ಕಟ್ಟಿಟ್ಟಿದ್ದೇನೆ. ಪುಟ್ಟಿಯನ್ನು ಹತ್ತಿಸಿಕೊಳ್ಳುವುದಾದರೂ ಹೇಗೆ? ಅವಳು ಮೂಗು ಮುಚ್ಚಿಕೊಂಡರೆ ನಾನು ಮುಖ ಎಲ್ಲಿಡಲಿ?

ಕೆಲಸದವರು ಒಳ್ಳೆಯವರು. ಸಂಜೆ ಕಂಪನಿಯ ಅಂಗಳದಲ್ಲಿ ಒಟ್ಟಿಗೆ ಕೂತು ನಗುತ್ತಾ ಊಟ ಮಾಡುತ್ತಾರೆ. ನಾನೂ ಕೂರುತ್ತೇನೆ, ಆದರೆ ಅವರಲ್ಲೊಬ್ಬ ಎನಿಸಿಕೊಳ್ಳಲು ನಾಚಿಕೆ. ಅವರೇ ನನ್ನನ್ನು ಸೇರಿಸಿಕೊಂಡವರು, ಅವರ ಬಗ್ಗೆಯೇ ನಾಚಿಕೆ. ಇದನ್ನು ಯೋಚಿಸಿದರೆ ಇನ್ನೂ ನಾಚಿಕೆಯಾಗುತ್ತದೆ.

ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ. ಹತ್ತಿ ಎಂದು ಮೊದಲು ಹೇಳಿದ್ದು ನೀವು. ನಾನು ಅದನ್ನು ಹಾಗೇ ಬಿಟ್ಟೆ, ಅಷ್ಟೇ ಎಂದುಕೊಂಡಿದ್ದೆ. ಅಷ್ಟೇ ಅಲ್ಲ, ನನಗೆ ಗೊತ್ತು.

ಮೈದುನ


22 ಸೆಪ್ಟೆಂಬರ್

ಮೈದುನನಿಗೆ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಪುಟ್ಟಿಗೆ ನೆಗಡಿಯಾಗಿತ್ತು, ಈಗ ಪರವಾಗಿಲ್ಲ.

ಒಂದು ಒಳ್ಳೆಯ ಸುದ್ದಿ. ಕೆಂಪು ಗಾಡಿ ಕಂಪನಿಗೆ ಬರಬೇಕಾಗಿದ್ದ ಹೊಸ ಗಾಡಿಗಳು ತಡವಾಗಿವೆಯಂತೆ, ಲೋಡುಗಳು ಬಿದ್ದಿವೆಯಂತೆ. ಕಾಲರಕ್ಕನ ಗಂಡನ ಕೈಯಲ್ಲಿ ಹೇಳಿಸಿದೆ. ನಿನ್ನ ಅಣ್ಣನ ಹೆಸರು ಹೇಳಿದ ಮೇಲೆ ಮ್ಯಾನೇಜರ್ ಒಪ್ಪಿದ್ದಾರೆ. ಬಿಸ್ಕತ್ತು, ಸೋಪು, ಪುಸ್ತಕ, ಇಂಥ ಮಾಲು. ಮುಂದಿನ ತಿಂಗಳ ಮೊದಲ ವಾರದೊಳಗೆ ಅವರ ದೊಡ್ಡ ಡಿಪೋದಲ್ಲಿ ಗಾಡಿ ತೋರಿಸಬೇಕು. ಅದು ನಿನ್ನಲ್ಲಿಂದ ಒಂದು ದಿನದ ದಾರಿ. ತಕ್ಷಣ ಹೊರಡು.

ಈಗ ಮಾಡುತ್ತಿರುವ ಕೆಲಸದ ಬಗ್ಗೆ ಅಲ್ಲಿ ಯಾರ ಹತ್ತಿರವೂ ಬಾಯಿ ಬಿಡಬೇಡ. ನಾನೂ ಹತ್ತಿ ಎಂದೇ ಹೇಳಿದ್ದೇನೆ. ಪುಟ್ಟಿಗೂ.

ಗಾಡಿಯನ್ನು ಚೆನ್ನಾಗಿ ತೊಳೆಸು.

ಅತ್ತಿಗೆ


29 ಸೆಪ್ಟೆಂಬರ್

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದಕ್ಕೆ ಇಷ್ಟು ದಿನ ಕಾದೆ. ಬೈಯುತ್ತೀರಿ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಯಜಮಾನಮ್ಮ ಈ ತಿಂಗಳು ಹೊಸದೊಂದು ಕಸಾಯಿಖಾನೆಯ ಗುತ್ತಿಗೆ ಹಿಡಿದಿದ್ದಾರೆ, ನಮ್ಮ ಗಾಡಿಯನ್ನು ನಂಬಿಕೊಂಡೇ. ನಡುವೆ ಬಿಡುವುದು ಸರಿಯಲ್ಲ. ಕರಾರಿನ ಪ್ರಕಾರ ಒಂದು ತಿಂಗಳು ಮೊದಲೇ ತಿಳಿಸಬೇಕು. ಆದರೆ ಗಾಡಿ ನಿಮ್ಮದು, ಮಾತು ನಿಮ್ಮದು. ಸುಳ್ಳು ಹೇಳಿದವನಿಗೆ ಎದುರು ಮಾತಾಡುವ ಹಕ್ಕು ಎಲ್ಲಿದೆ?

ನಾಳೆ ಹೊರಡುತ್ತೇನೆ. ಅವರಿಗೆ ಮುಖ ಕೊಟ್ಟು ಹೇಳುವ ಧೈರ್ಯವಾಗುತ್ತಿಲ್ಲ. ಅವರು ಊಟಕ್ಕೆ ಹೋದಾಗ ಟ್ರೇಲರ್ ಕಳಚಿಟ್ಟು ಹೋಗುತ್ತೇನೆ.

ಮೈದುನ


6 ಅಕ್ಟೋಬರ್

ಅತ್ತಿಗೆಗೆ ನಮಸ್ಕಾರಗಳು.

ಡಿಪೋದ ಎದುರಿನ ರಸ್ತೆ ಬದಿಯಿಂದ ಬರೆಯುತ್ತಿದ್ದೇನೆ.

ಬರುವ ದಾರಿಯಲ್ಲಿ ಮೂರು ಕಡೆ ತೊಳೆಸಿದೆ. ಸೀಟಿನ ಸ್ಪಂಜು ಕಿತ್ತು ಬಿಸಾಕಿ ಹೊಸದು ಹಾಕಿಸಿದೆ. ಚಾಸಿಯ ಸಂದುಗಳಿಗೆ ಬಿಸಿ ನೀರು ಹೊಡೆಸಿದೆ, ಸೋಪಿನ ಪುಡಿ ಹಾಕಿ ಬ್ರಷ್ಷಿನಿಂದ ನಾನೇ ಉಜ್ಜಿದೆ. ನನ್ನ ಮೂಗಿಗೆ ಹೂವಿನ ಹಾಗಿತ್ತು.

ಗೇಟಿನ ಕಾವಲಿನವನು ಹತ್ತಿರ ಬಂದವನು ನಿಂತ. ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಅವರು ಸಭ್ಯರು. ಅಣ್ಣನನ್ನು ನೆನೆಸಿಕೊಂಡರು, "ಎಂಥ ಡ್ರೈವರಪ್ಪ ಅವರು," ಎಂದರು. ಹೇಳುತ್ತಾ ಹೇಳುತ್ತಾ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು.

"ಏನು ಲೋಡು ಮಾಡ್ತಿದ್ದೆ?"

"ಹತ್ತಿ ಸಾರ್."

"ಹತ್ತಿ!" ಎಂದು ಯಾರೋ ಹಿಂದಿನಿಂದ ಕೂಗಿದರು. ಅಲ್ಲಿ ಗಾಡಿ ತೊಳೆಯುತ್ತಿದ್ದ ಡ್ರೈವರುಗಳೆಲ್ಲ ನಕ್ಕರು. ಮ್ಯಾನೇಜರ್ ನಗಲಿಲ್ಲ. ಅದರಿಂದಲೇ ಹೆಚ್ಚು ನೋವಾಯಿತು.

"ನೋಡಪ್ಪ, ಇದರ ಹಿಂದೆ ಬಿಸ್ಕತ್ತು ಕಟ್ಟಿ ಕಳಿಸಿದ್ರೆ ಅಂಗಡಿಯವನು ಇಳಿಸ್ಕೊಳ್ತಾನಾ? ನೀನೇ ಹೇಳು."

ನಾನೇ ಹೇಳಿದೆ, ಇಲ್ಲ ಎಂದು.

ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ಕನ್ನಡಿ ತಾಗಿ ಒಡೆಯಿತು. ಇಷ್ಟು ವರ್ಷದಲ್ಲಿ ಮೊದಲನೆಯ ಸಲ.

ನಿಮ್ಮ ಮೇಲೆ ನನಗೆ ಬೇಸರವಿಲ್ಲ. ಯಜಮಾನಮ್ಮನ ಹತ್ತಿರ ಹೋಗಲು ಮುಖವಿಲ್ಲ, ಕಳ್ಳನ ಹಾಗೆ ಓಡಿ ಬಂದವನು ನಾನು. ನಿಮ್ಮ ಅಣ್ಣನಿಗೆ ಹೇಳಿ, ಗುಜರಿಯವರನ್ನು ಕಳಿಸಲಿ. ಕೀಲಿ ಕೊಟ್ಟು ಬಸ್ಸಿನಲ್ಲಿ ಬರುತ್ತೇನೆ. ಅವರ ಉತ್ತರ ಬರುವವರೆಗೂ ಇಲ್ಲೇ ಇರುತ್ತೇನೆ. ಎದುರಿನ ಚಹಾದಂಗಡಿಯ ವಿಳಾಸಕ್ಕೆ ಬರೆಯಿರಿ.

ಮೈದುನ


24 ಅಕ್ಟೋಬರ್

ಬಾಲಂಗೋಚಿ,

ಈ ಕಾಗದವನ್ನು ನಿನ್ನ ಯಜಮಾನಮ್ಮನ ಆಫೀಸಿನ ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ನಿನ್ನ ಕಾಗದ ಬಂದ ಮೇಲೆ ಗುಜರಿಯವನಿಗೆ ಹೇಳಿ ಕಳಿಸಲು ನನ್ನ ಅಣ್ಣನ ಮನೆಯವರೆಗೂ ಹೋದೆ. ಬಾಗಿಲು ತಟ್ಟಲಾಗಲಿಲ್ಲ. ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದೆ.

ಬಸ್ಸಿಳಿದು ಅಂಗಳದ ದಾರಿ ಕೇಳಬೇಕಾಗಲಿಲ್ಲ. ಗಾಳಿಯೇ ತೋರಿಸಿತು. ಗೇಟಿನವರೆಗೆ ಹೋಗಿ ಅಲ್ಲೇ ಗೋಡೆಯ ಹಿಂದೆ ವಾಂತಿ ಮಾಡಿದೆ. ಟ್ರೇಲರ್ ತೊಳೆಯುತ್ತಿದ್ದ ಹೆಂಗಸೊಬ್ಬಳು ಬಂದು ಕೈಗೆ ನೀರು ಹಾಕಿದಳು. "ಮೊದಲ ಸಲ ಎಲ್ಲರಿಗೂ ಆಗುತ್ತೆ ಕಣಮ್ಮ," ಅಂದಳು. ಯಾರನ್ನು ನೋಡಬೇಕು ಎಂದು ಕೇಳಿದಳು. ನಿನ್ನ ವಿಷಯ ಹೇಳಿದೆ. "ಓ, ನಮ್ಮ ಸಂಕೋಚದಣ್ಣನ ಮನೆಯವರಾ!" ಅಂದಳು. ಅಲ್ಲಿ ನಿನ್ನ ಹೆಸರು ಅದಂತೆ.

ಯಜಮಾನಮ್ಮ ಒಳಗೆ ಕೂತಿದ್ದರು. ಕುರ್ಚಿ ತೋರಿಸಲಿಲ್ಲ.

"ಯಾರದು ಗಾಡಿ?" ಅಂದರು.

"ನನ್ನದು."

"ಹೊರಡು ಅಂತ ಹೇಳಿದ್ದು?"

"ನಾನೇ."

"ಹಾಗಾದ್ರೆ ಅವನ ಮೇಲಿನ ಸಿಟ್ಟು ನಿಮ್ಮ ಮೇಲೆ ಹಾಕ್ತೀನಿ, ನಿಂತ್ಕೊಳ್ಳಿ." ಹಾಕಿದರು ನೋಡು! ಹೊಸ ಕಸಾಯಿಖಾನೆಯ ಬಾಗಿಲಲ್ಲಿ ಮಾಲು ಎರಡು ದಿನ ಬಿದ್ದಿತ್ತಂತೆ, ಬೀದಿಯ ಜನ ಇವರ ಮನೆಯ ಮುಂದೆ ಬಂದು ಕೂಗಾಡಿದರಂತೆ, ಗುತ್ತಿಗೆ ಹೋಗುವುದರಲ್ಲಿತ್ತಂತೆ. ನಾನು ನೆಲ ನೋಡುತ್ತಾ ನಿಂತಿದ್ದೆ. ಅತ್ತೆಯವರ ಹತ್ತಿರವೂ ಅಷ್ಟು ಬೈಗುಳ ತಿಂದವಳಲ್ಲ ನಾನು.

ಕೊನೆಗೆ ಕೇಳಿದರು: "ಅವನು ಓಡಿಹೋಗಿದ್ದಕ್ಕೆ ನಂಗೆ ಆಶ್ಚರ್ಯ ಇಲ್ಲ. ಇಲ್ಲಿಂದ ತುಂಬ ಜನ ಓಡಿಹೋಗ್ತಾರೆ. ನಿಮಗೆ ಏನಾಗಿತ್ತು? ಅಷ್ಟು ದೂರ ಕೂತಿರೋ ನಿಮ್ಮ ಮೂಗಿಗೂ ವಾಸನೆ ಬಂತಾ?"

ಬಂದಿತ್ತು. ನಿನ್ನ ಕಾಗದ ಓದಿ ಮುಗಿಸಿ ನಾನು ಮೊದಲು ಮಾಡಿದ್ದು ಕೈ ತೊಳೆದದ್ದು. ನೀನು ಅಷ್ಟು ದಿನ ಒಬ್ಬನೇ ಇದ್ದೆ, ನಿನ್ನ ತಲೆಗೂದಲು ಕತ್ತರಿಸುವವರಿಲ್ಲ ಎಂದು ಬರೆದಿದ್ದೆ. ನಾನು ಯೋಚಿಸಿದ್ದು ಕಾಲರಕ್ಕನ ಮುಖವನ್ನು. ಇದನ್ನು ಯಜಮಾನಮ್ಮನಿಗೆ ಹೇಳಿದೆ. ನಿನಗಿಂತ ಮೊದಲು ಅವರಿಗೆ ಹೇಳಿದೆ, ಅದಕ್ಕೂ ಬೇಜಾರು ಮಾಡಿಕೊಳ್ಳಬೇಡ. ಗುರುತಿಲ್ಲದವರ ಮುಂದೆ ಹೇಳುವುದು ಸುಲಭ.

ಅವರು ಸಮಾಧಾನವೇನೂ ಹೇಳಲಿಲ್ಲ. "ಸರಿ, ಕೂತ್ಕೊಳ್ಳಿ," ಅಂದರು.

ಗಾಡಿ ಬರಲಿ ಎಂದಿದ್ದಾರೆ. ಆದರೆ ಹಳೆಯ ಕರಾರಿನ ಮೇಲಲ್ಲ. ಇಲ್ಲಿಯ ಗಾಡಿಗಳ ಬಾಗಿಲ ಮೇಲೆ ಕಂಪನಿಯ ಹೆಸರು, ಅದರ ಕೆಳಗೆ "ಪ್ರಾಣಿ ತ್ಯಾಜ್ಯ ಸಾಗಣೆ" ಎಂದು ಬಣ್ಣದಲ್ಲಿ ಬರೆಸಬೇಕಂತೆ. ನೀನು ಬೇಡಿಕೊಂಡದ್ದಕ್ಕೆ ತಗಡಿನ ಹಲಗೆ ಕೊಟ್ಟಿದ್ದರಂತೆ, ಊರೊಳಗೆ ಹೋಗುವಾಗ ನೀನು ಅದನ್ನು ಕಳಚಿ ಸೀಟಿನ ಕೆಳಗೆ ಇಡುತ್ತಿದ್ದೆಯಂತೆ. "ಇನ್ನು ತಗಡು ಇಲ್ಲ. ಬಣ್ಣ. ಇದು ಒಪ್ಪಿಗೆ ಆದ್ರೆ ಮಾತ್ರ ಸಹಿ," ಅಂದರು.

ಸಹಿ ಹಾಕಿದೆ. ನಿನ್ನನ್ನು ಕೇಳದೆ ಹಾಕಿದೆ, ಕೊನೆಯ ಸಲ. ನಿನಗೆ ಆಗುವುದಿಲ್ಲ ಎಂದರೆ ಗಾಡಿಯನ್ನು ಇಲ್ಲಿಗೆ ತಲುಪಿಸಿ ಮನೆಗೆ ಬಾ, ಬೇರೆ ಡ್ರೈವರನ್ನು ಅವರೇ ಹುಡುಕುತ್ತಾರೆ. ನಾನೇನೂ ಅನ್ನುವುದಿಲ್ಲ. ನಿಜವಾಗಿ ಅನ್ನುವುದಿಲ್ಲ.

ಅತ್ತಿಗೆ


9 ನವೆಂಬರ್

ಅತ್ತಿಗೆಗೆ ನಮಸ್ಕಾರಗಳು.

ಬಂದೆ. ಯಜಮಾನಮ್ಮನ ಮುಂದೆ ಹೋಗಿ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕ್ಷಮಾಪಣೆಯನ್ನು ಶುರು ಮಾಡಿದೆ. "ನಿಮ್ಮತ್ತಿಗೆ ನಿನ್ನ ಪಾಲಿನದ್ದೂ ಸೇರಿಸಿ ಬೈಸಿಕೊಂಡು ಹೋಗಿದ್ದಾರೆ. ನನಗೆ ಎರಡು ಸಲ ಬೈಯೋ ಶಕ್ತಿ ಇಲ್ಲ. ಹೋಗು, ಕನ್ನಡಿ ಹಾಕಿಸು," ಎಂದರು.

ಬಾಗಿಲಿಗೆ ಬಣ್ಣ ಬರೆದಾಯಿತು. ಪೇಂಟರ್ ಒಳ್ಳೆಯ ಕೈಯವನು, ಅಕ್ಷರಗಳನ್ನು ದುಂಡಗೆ, ದೊಡ್ಡದಾಗಿ ಬರೆದ. ಸ್ವಲ್ಪ ಸಣ್ಣದಾಗಿ ಬರೆಯಪ್ಪ ಎಂದೆ. "ಅಳತೆ ಯಜಮಾನಮ್ಮ ಕೊಟ್ಟಿದ್ದು," ಎಂದ.

ಮೊದಲ ದಿನ ಊರ ನಡುವಿನ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನವರು ಬಾಗಿಲು ಓದಿ ಕಿಟಕಿ ಏರಿಸಿಕೊಂಡರು. ನಾನು ನೇರ ಮುಂದೆ ನೋಡುತ್ತಿದ್ದೆ. ಕಿವಿ ಸುಡುತ್ತಿತ್ತು. ನಾಚಿಕೆ ಹೋಯಿತು ಎಂದು ಬರೆದರೆ ಅದೂ ಒಂದು ಹತ್ತಿಯ ಕಥೆಯಾದೀತು. ಹೋಗಿಲ್ಲ. ಹಸಿರು ದೀಪ ಬಂತು, ಗೇರ್ ಹಾಕಿದೆ.

ಸಂಜೆ ಅಂಗಳದಲ್ಲಿ ಟ್ರೇಲರ್ ತೊಳೆಯುವ ಅಕ್ಕ ನನ್ನ ತಲೆ ನೋಡಿ, "ಯಾವ ಇಲಿಯಪ್ಪಾ ಇದನ್ನ ತಿಂದಿದ್ದು?" ಎಂದು ಕತ್ತರಿ ತಂದು ಕೂರಿಸಿ ಸರಿಮಾಡಿದರು. ನಿಮ್ಮ ಕ್ಷೇಮ ವಿಚಾರಿಸಿದ್ದಾಗಿ ಬರೆಯಲು ಹೇಳಿದ್ದಾರೆ.

ಮೈದುನ


21 ನವೆಂಬರ್

ಬಾಲಂಗೋಚಿಗೆ ಆಶೀರ್ವಾದಗಳು.

ಪುಟ್ಟಿಗೆ ಹೇಳಿದೆ. "ಹಾಗಾದ್ರೆ ಚಿಕ್ಕಪ್ಪ ಊಟ ಹೇಗೆ ಮಾಡ್ತಾರೆ?" ಅಂದಳು. ನನಗೆ ಇಷ್ಟು ದಿನ ಹೊಳೆಯದ ಪ್ರಶ್ನೆ.

ಲಾಂಡ್ರಿಯಲ್ಲೂ ಹೇಳಿದೆ. ಊಟದ ಹೊತ್ತಿನಲ್ಲಿ, ಯಾರೂ ಕೇಳದಿದ್ದರೂ. ಹತ್ತಿ ಅಲ್ಲ, ಕಸಾಯಿಖಾನೆಯ ಮಾಲು, ಮೂಳೆ, ಕರುಳು, ಎಂದೆ. ಡಬ್ಬಿಗಳ ಮುಚ್ಚಳ ಹಾಕಿದರು ಇಬ್ಬರು. ಒಬ್ಬಳು ಸ್ಟೂಲನ್ನು ಸ್ವಲ್ಪ ಆ ಕಡೆಗೆ ಎಳೆದುಕೊಂಡಳು, ನಾನೇ ಹೊತ್ತು ತಂದವಳ ಹಾಗೆ. ಕಾಲರಕ್ಕ ಏನಾದರೂ ಅನ್ನುತ್ತಾಳೆ ಎಂದು ಮೈಯೆಲ್ಲ ಬಿಗಿಹಿಡಿದು ಕಾಯುತ್ತಿದ್ದೆ. ಅವಳು ತಲೆಯೆತ್ತಲಿಲ್ಲ.

ಮಾರನೇ ದಿನ ನೀರಿನ ನಲ್ಲಿಯ ಹತ್ತಿರ ನಾನೊಬ್ಬಳೇ ಇದ್ದಾಗ ಬಂದಳು. ಆ ಕಡೆ ಈ ಕಡೆ ನೋಡಿದಳು.

"ಕೆಂಪು ಕಂಪನಿಗೆ ಹೊಸ ಗಾಡಿಗಳು ಬಂದ್ವು," ಅಂದಳು.

"ಒಳ್ಳೇದಾಯ್ತಲ್ಲ."

"ನಮ್ಮದನ್ನ ಈ ತಿಂಗಳ ಕೊನೆಗೆ ಬಿಡಿಸ್ತಾರಂತೆ. ವಯಸ್ಸಾಯ್ತಂತೆ." ದನಿ ತಗ್ಗಿಸಿ, "ನಿಮ್ಮದಕ್ಕಿಂತ ನಮ್ಮದು ಎರಡು ವರ್ಷ ಹಳೇದು. ಯಾರಿಗೂ ಹೇಳಿರಲಿಲ್ಲ. ಆ ಯಜಮಾನಮ್ಮನ ಹತ್ತಿರ ಇನ್ನೊಂದು ಗಾಡಿಗೆ ಜಾಗ ಇದೆಯಾ ಅಂತ ಕೇಳ್ತೀಯಾ? ನಾನು ಕೇಳಿದೆ ಅಂತ ಇಲ್ಲಿ ಯಾರ ಹತ್ತಿರವೂ ಹೇಳಬೇಡ," ಅಂದಳು.

ನಾಲಿಗೆ ತುದಿಯವರೆಗೂ ಬಂದಿತ್ತು, ಅಜ್ಜಿ ಗಾಡಿಗೆ ಗಂಡು ಬೇಕಾ ಎಂದು. ಎಷ್ಟು ಆಸೆಯಾಯಿತು ಗೊತ್ತಾ? ನಿನಗೆ ಹೇಳಲೇಬೇಕು ಅನ್ನಿಸಿತು, ಅದಕ್ಕೇ ಬರೆದೆ. ಆಡಲಿಲ್ಲ. ಕೊಡ ತುಂಬಿ ಚೆಲ್ಲುತ್ತಿತ್ತು, ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.

"ಕೇಳ್ತೀನಿ," ಅಂದೆ.

ಕೇಳಿ ಬರೆ. ತಡ ಮಾಡಬೇಡ. ಅವಳು ಬೆಳಿಗ್ಗೆಯೆಲ್ಲ ಇಸ್ತ್ರಿ ಮಾಡುತ್ತಾ, ಅಂಚೆಯವನು ಬಾಗಿಲಿಗೆ ಬಂದಾಗಲೆಲ್ಲ ನನ್ನ ಮುಖ ನೋಡುತ್ತಾಳೆ.

ಅತ್ತಿಗೆ